ಬಾರ್ನಬಸ್‌ನ ನೋಡಿ ನಗಬಹುದಾ? ನಮ್ಮ ಮನೆ ಗುಂಪಿನಲ್ಲಿ ಶನಿವಾರ ರಾತ್ರಿ

ತಮ್ಮ, 8:34
(ವಿಡಿಯೊ)
ಇನ್ನೂರು ವರ್ಷ ಶವಪೆಟ್ಟಿಗೆಯಲ್ಲಿ ಬಿದ್ದಿದ್ದ ರಕ್ತಪಿಶಾಚಿ ಬಾರ್ನಬಸ್ ಹೊರಗೆ ಬಂದು ಮೊದಲು ನೋಡಿದ್ದು ಮೆಕ್‌ಡೊನಾಲ್ಡ್ಸ್ ಬೋರ್ಡು! ನಕ್ಕು ನಕ್ಕು ಹೊಟ್ಟೆ ನೋವು ಬಂತು. ಎಲ್ಲರೂ ನೋಡಿ.

ಪುಟ್ಟಿ, 8:36
ಮಾವ, ಇದು ಡಾರ್ಕ್ ಶ್ಯಾಡೋಸ್ ಸಿನಿಮಾ ಅಲ್ವಾ! ಬಾರ್ನಬಸ್ ಆಗಿರೋದು ಜಾನಿ ಡೆಪ್. ಕತ್ತಲಲ್ಲಿ ದೊಡ್ಡ ಎಂ ಅಕ್ಷರ ಹೊಳೆಯುವುದನ್ನು ನೋಡಿ ‘ಮೆಫಿಸ್ಟಾಫಲೀಸ್’ ಅನ್ನುತ್ತಾನಲ್ಲ, ಆ ಜಾಗ ನನಗೆ ತುಂಬ ಇಷ್ಟ.

ಭಾವ, 8:37
ಎಂ ಅಂದರೆ ಅದ್ಯಾಕೆ?

ಪುಟ್ಟಿ, 8:38
ಅಪ್ಪಾ, ಮನುಷ್ಯರ ಆತ್ಮ ಬರೆಸಿಕೊಳ್ಳೋಕೆ ಬರುವ ಪಿಶಾಚಿಯ ಹೆಸರು ಅದು, ಯುರೋಪಿನ ಹಳೆ ಕಥೆಗಳಲ್ಲಿ. ಇವನನ್ನು ಹೂತಿದ್ದು 1776ರಲ್ಲಿ. ಹೊರಗೆ ಬರುವುದು 1972ರಲ್ಲಿ. ಬರ್ಗರ್ ಅಂಗಡಿ ಅಂತ ಅವನಿಗೆ ಹೇಗೆ ಗೊತ್ತಾಗಬೇಕು?

ಅತ್ತೆ, 8:41
ನನಗೆ ನಗು ಬರಲಿಲ್ಲ. ಬಾರ್ನಬಸ್‌ನ ಹೀಗೆ ಮಾಡಿಬಿಟ್ಟರಲ್ಲ ಅಂತ ಸಂಕಟ ಆಯಿತು.

ತಮ್ಮ, 8:41
ಅಯ್ಯೋ ಅತ್ತೆ, ಸುಮ್ನೆ ನಗೋಕೆ ಮಾಡಿದ ಸಿನಿಮಾ.

ಅತ್ತೆ, 8:49
ನಿನಗೆ ಅದು ಸಿನಿಮಾ, ನನಗೆ ಧಾರಾವಾಹಿ. 1966ರಿಂದ 1971ರವರೆಗೆ ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ ಮಧ್ಯಾಹ್ನದ ಹೊತ್ತು ಬರುತ್ತಿತ್ತು. ಒಟ್ಟು 1,225 ಕಂತು. ಇಲ್ಲಿನ ಮಕ್ಕಳು ಶಾಲೆ ಬಿಟ್ಟ ಕೂಡಲೇ ಅದನ್ನು ನೋಡೋಕೆ ಮನೆಗೆ ಓಡುತ್ತಿದ್ದರಂತೆ. ನಾನು ನ್ಯೂಜೆರ್ಸಿಗೆ ಬರುವ ಹೊತ್ತಿಗೆ ಅದು ಮುಗಿದು ಎಷ್ಟೋ ವರ್ಷ ಆಗಿತ್ತು. ಆದರೆ ಇಲ್ಲಿನ ಸಾರ್ವಜನಿಕ ಟಿವಿಯಲ್ಲಿ ಮರುಪ್ರಸಾರ ಇತ್ತು. ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ನೋಡುತ್ತಿದ್ದೆ. ಆಗ ಈ ಊರಿನವರ ಇಂಗ್ಲಿಷ್ ನನ್ನ ಕಿವಿಗೆ ಹತ್ತುತ್ತಲೇ ಇರಲಿಲ್ಲ. ಬಾರ್ನಬಸ್ ಮಾತ್ರ ನಿಧಾನವಾಗಿ, ಒಂದೊಂದೇ ಪದ ತೂಗಿ ಮಾತಾಡುತ್ತಿದ್ದ. ಇಲ್ಲಿನ ಟಿವಿಯಲ್ಲಿ ನನಗೆ ಪೂರ್ತಿ ಅರ್ಥವಾದ ಮೊದಲ ಮನುಷ್ಯ ಅವನು.

ಚಿಕ್ಕಪ್ಪ, 8:52
ಅಕ್ಕ ಹೇಳುವುದು ಸರಿ. ನಾವು ದೂರದರ್ಶನದಲ್ಲಿ ‘ಗುಡ್ಡದ ಭೂತ’ ನೋಡಿದ್ದು ನೆನಪಿದೆಯಾ? ಸದಾನಂದ ಸುವರ್ಣರು ಮಾಡಿದ್ದು. ಹಾಡು ಶುರುವಾದರೆ ನೀವೆಲ್ಲ ಚಾಪೆ ಮೇಲೆ ಅಜ್ಜಿಗೆ ಅಂಟಿಕೊಂಡು ಕೂರುತ್ತಿದ್ದಿರಿ. ನಾಳೆ ಅದನ್ನೇ ಯಾರೋ ಕಾಮಿಡಿ ಮಾಡಿದರೆ ಒಪ್ಪುತ್ತೀರಾ? ಹೆದರಿಸೋಕೆ ಹುಟ್ಟಿದ ಕಥೆಯನ್ನು ನಗಿಸೋಕೆ ಬಳಸುವುದು ಅದಕ್ಕೆ ಮಾಡುವ ಅವಮಾನ.

ತಮ್ಮ, 8:55
ಚಿಕ್ಕಪ್ಪ, ಹಳೆ ಧಾರಾವಾಹಿಯ ತುಣುಕುಗಳನ್ನು ನಾನೂ ಯೂಟ್ಯೂಬಿನಲ್ಲಿ ನೋಡಿದ್ದೇನೆ. ಬಾಗಿಲು ಹಾಕಿದರೆ ಗೋಡೆ ಅಲುಗಾಡುತ್ತದೆ. ಮೈಕ್ ಮೇಲಿಂದ ಇಣುಕುತ್ತದೆ. ನಟರಿಗೆ ಮಾತೇ ಮರೆತುಹೋಗುತ್ತದೆ. ಅದನ್ನು ನೋಡಿದರೂ ನಗುವೇ ಬರುವುದು.

ಅತ್ತೆ, 9:01
ದಿನಕ್ಕೊಂದು ಅರ್ಧ ಗಂಟೆ, ವಾರಕ್ಕೆ ಐದು ದಿನ. ಒಂದೇ ಓಟದಲ್ಲಿ ಟೇಪ್ ಮಾಡುತ್ತಿದ್ದರು. ತಪ್ಪಾದರೂ ನಿಲ್ಲಿಸಿ ಮತ್ತೆ ತೆಗೆಯುವುದು ಅಪರೂಪ, ಅಷ್ಟು ಹಣ ಇರಲಿಲ್ಲ. ಬಾರ್ನಬಸ್ ಪಾತ್ರ ಮಾಡಿದ ಜೊನಾಥನ್ ಫ್ರಿಡ್ ಕೆನಡಾದ ಹ್ಯಾಮಿಲ್ಟನ್‌ನವರು, ಶೇಕ್ಸ್‌ಪಿಯರ್ ನಾಟಕಗಳಿಂದ ಬಂದವರು. ಇಷ್ಟೊಂದು ಮಾತನ್ನು ದಿನಾ ಬಾಯಿಪಾಠ ಮಾಡುವುದು ಅವರಿಗೆ ಕಷ್ಟವಾಗುತ್ತಿತ್ತು. ಮಾತು ಬರೆದು ಪಕ್ಕದಲ್ಲಿಟ್ಟ ಪ್ರಾಂಪ್ಟರ್ ಕಡೆ ಕಣ್ಣು ಹೋಗುತ್ತಿತ್ತು. ಮಾತಿಗೆ ತಡಕಾಡುವ ಆ ಕಣ್ಣು ನನಗೆ ಹೇಗೆ ಕಾಣುತ್ತಿತ್ತು ಗೊತ್ತಾ? ಕಳೆದುಹೋದ ಏನನ್ನೋ ಹುಡುಕುವವನ ಹಾಗೆ. ನೀನು ನಗು. ನನಗೆ ಮಾತ್ರ ನಗು ಬರುವುದಿಲ್ಲ.

ಭಾವ, 9:04
ಸಿನಿಮಾ ಓಡಿತಾ ಇಲ್ಲವಾ ಅದು ಹೇಳಿ. ಜನ ದುಡ್ಡು ಕೊಟ್ಟು ನೋಡಿದ್ದರೆ ಒಳ್ಳೆಯದೇ ಇರಬೇಕು. ಪ್ರಪಂಚದಾದ್ಯಂತ ಸುಮಾರು 245 ಮಿಲಿಯನ್ ಡಾಲರ್ ಅಂತ ಇದೆ.

ಪುಟ್ಟಿ, 9:06
ಅಪ್ಪಾ, ಖರ್ಚೇ 150 ಮಿಲಿಯನ್. ಪ್ರಚಾರದ ಖರ್ಚು ಬೇರೆ. ಟಿಕೆಟ್ ದುಡ್ಡಿನಲ್ಲಿ ದೊಡ್ಡ ಪಾಲು ಥಿಯೇಟರಿಗೆ ಹೋಗುತ್ತದೆ. ಅಮೆರಿಕದಲ್ಲಿ 80 ಮಿಲಿಯನ್ನೂ ದಾಟಲಿಲ್ಲ. ಬಿಡುಗಡೆಯಾಗಿದ್ದು ಅವೆಂಜರ್ಸ್ ಬಂದ ಮುಂದಿನ ವಾರ, 2012ರ ಮೇ 11ಕ್ಕೆ. ಪಾಪ.

ನಾನು, 9:20
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಉದ್ದ ಬರೆಯುತ್ತೇನೆ, ದಯವಿಟ್ಟು ಓದಿ.

ಚಿಕ್ಕಪ್ಪ, ಬಾರ್ನಬಸ್‌ನ ಹಾಳು ಮಾಡಿದ್ದು ನಗು ಅಲ್ಲ. ಈ ಧಾರಾವಾಹಿ ಹುಟ್ಟಿಸಿದ ಡ್ಯಾನ್ ಕರ್ಟಿಸ್ ತಾವೇ 1970ರಲ್ಲಿ ಒಂದು ಸಿನಿಮಾ ಮಾಡಿದರು. ಅದೇ ಫ್ರಿಡ್, ಅದೇ ಬಾರ್ನಬಸ್. ಅದರಲ್ಲಿ ಒಂದು ತಮಾಷೆಯೂ ಇಲ್ಲ. ರಕ್ತ ಜಾಸ್ತಿ, ಮರುಕ ಕಡಿಮೆ. ಅತ್ತೆ ಪ್ರೀತಿಸಿದ ಮನುಷ್ಯ ಅದರಲ್ಲೂ ಇಲ್ಲ. ನಗದೆ ಮಾಡಿದರೂ ಅವನು ಕಳೆದುಹೋಗಬಹುದು.

ಹಾಗಾದರೆ ಅವನು ಯಾರು? ಧಾರಾವಾಹಿಯ ಶುರುವಿನಲ್ಲಿ ರಕ್ತಪಿಶಾಚಿಯೇ ಇರಲಿಲ್ಲ. ಒಬ್ಬ ಅನಾಥ ಹುಡುಗಿ ಮೇನ್ ರಾಜ್ಯದ ಕಡಲ ತೀರದ ಹಳೇ ಬಂಗಲೆಗೆ ಮಗುವಿಗೆ ಪಾಠ ಹೇಳೋಕೆ ಬರುತ್ತಾಳೆ, ಅಷ್ಟೇ ಕಥೆ. ನೋಡುವವರು ಕಡಿಮೆ ಇದ್ದರು. 1967ರ ಏಪ್ರಿಲ್‌ನಲ್ಲಿ ಒಬ್ಬ ಕಳ್ಳ ಒಡವೆ ಆಸೆಗೆ ಸಮಾಧಿಯೊಳಗೆ ನುಗ್ಗಿ ಸರಪಳಿ ಸುತ್ತಿದ ಪೆಟ್ಟಿಗೆ ತೆಗೆಯುತ್ತಾನೆ. ಒಂದು ಕೈ ಬಂದು ಅವನ ಕುತ್ತಿಗೆ ಹಿಡಿಯುತ್ತದೆ. ಮರುದಿನ ಬಂಗಲೆಯ ಬಾಗಿಲಲ್ಲಿ ಒಬ್ಬ ಸಭ್ಯಸ್ಥ ನಿಂತಿರುತ್ತಾನೆ. ಹೆಗಲ ಮೇಲೆ ಮಡಿಕೆ ಬಿದ್ದ ಕೇಪು, ಕೈಯಲ್ಲಿ ತೋಳದ ತಲೆಯ ಬೆಳ್ಳಿ ಹಿಡಿಯ ಕೋಲು. ಇಂಗ್ಲೆಂಡಿನಿಂದ ಬಂದ ನಿಮ್ಮ ದಾಯಾದಿ ಅಂತ ಹೇಳಿಕೊಳ್ಳುತ್ತಾನೆ. ಅವನನ್ನು ಕೆಲವು ವಾರ ಇಟ್ಟುಕೊಂಡು ಸಾಯಿಸುವ ಯೋಚನೆ ಇತ್ತು. ಜನ ಬಿಡಲಿಲ್ಲ. ಆದರೆ ಬರೀ ರಕ್ತ ಕುಡಿಯುವವನನ್ನು ವರ್ಷಗಟ್ಟಲೆ ದಿನಾ ನೋಡೋಕೆ ಆಗುತ್ತಾ? ಅದಕ್ಕೇ ಬರೆಯುವವರು ಅವನಿಗೆ ಪಶ್ಚಾತ್ತಾಪ ಕೊಟ್ಟರು. ತನ್ನ ಬಗ್ಗೆ ತನಗೇ ನಾಚಿಕೆ ಪಡುವ ರಕ್ತಪಿಶಾಚಿ ಹುಟ್ಟಿದ್ದು ಹಾಗೆ.

ಈಗ ತಮ್ಮನ ವಿಡಿಯೊಗೆ ಬರುತ್ತೇನೆ. ಆ ದೃಶ್ಯ ಚೆನ್ನಾಗಿದೆ, ನಾನೂ ನಕ್ಕೆ. ಯಾಕೆ ಚೆನ್ನಾಗಿದೆ ಅಂದರೆ ಅವನು ನಗುತ್ತಿಲ್ಲ. ಅವನಿಗೆ ಅದು ನಿಜವಾದ ಪಿಶಾಚಿ. ಟಿವಿಯೊಳಗೆ ಹಾಡುವ ಹೆಂಗಸನ್ನು ನೋಡಿ, ಹೊರಗೆ ಬಾ ಅಂತ ಪೆಟ್ಟಿಗೆಯನ್ನೇ ಒಡೆದು ಹಾಕುತ್ತಾನಲ್ಲ, ಅದೂ ಹಾಗೆಯೇ. ಗುರುತು ಪರಿಚಯ ಇಲ್ಲದ ಕಾಲಕ್ಕೆ ಬಂದು ಬಿದ್ದವನ ಗಾಬರಿ ಅದು. ಮಾತೇ ಅರ್ಥವಾಗದ ಊರಿಗೆ ಬಂದ ಅತ್ತೆಗೆ ಆ ಗಾಬರಿ ಗೊತ್ತು ಅಂತ ನನಗೆ ಅನ್ನಿಸುತ್ತದೆ.

ನನ್ನ ಜಗಳ ಇರುವುದು ಕಾಡಿನ ದೃಶ್ಯದ ಜೊತೆ. ಹಿಪ್ಪಿ ಹುಡುಗ ಹುಡುಗಿಯರು ಬೆಂಕಿ ಸುತ್ತ ಕೂತಿರುತ್ತಾರೆ. ಬಾರ್ನಬಸ್ ಅವರ ನಡುವೆ ಕೂತು ಪ್ರೀತಿ ಬಗ್ಗೆ ಮಾತಾಡುತ್ತಾನೆ. ಅವರೂ ಎಷ್ಟು ಒಳ್ಳೆಯತನದಿಂದ ಉತ್ತರ ಕೊಡುತ್ತಾರೆ! ಮಾತು ಮುಗಿದ ಮೇಲೆ, ನಿಮ್ಮನ್ನೆಲ್ಲ ಕೊಲ್ಲಬೇಕಾಗಿದೆ, ವಿಷಾದಿಸುತ್ತೇನೆ ಅನ್ನುತ್ತಾನೆ. ಕೊಲ್ಲುತ್ತಾನೆ. ಥಿಯೇಟರಿನಲ್ಲಿ ನಗು. ನಂತರ? ಏನೂ ಇಲ್ಲ. ಕಥೆ ಮುಂದೆ ಹೋಗುತ್ತದೆ. ಹಳೆ ಧಾರಾವಾಹಿಯಾಗಿದ್ದರೆ ಆ ಸಾವುಗಳನ್ನು ಹೊತ್ತುಕೊಂಡು ಅವನು ನೂರು ಕಂತು ತಿರುಗಾಡುತ್ತಿದ್ದ. ವಿಷಾದವೇ ಅವನ ಪಾತ್ರದ ಬೆನ್ನೆಲುಬು. ಅದನ್ನೇ ಇಲ್ಲಿ ಜೋಕ್ ಮಾಡಿದ್ದಾರೆ. ಅವನ ಗಾಬರಿಗೆ ನಗಿಸಿದ್ದು ಸರಿ. ಅವನ ಪಾಪಪ್ರಜ್ಞೆಗೆ ನಗಿಸಿದ್ದನ್ನು ನಾನು ಒಪ್ಪುವುದಿಲ್ಲ.

ಭಾವ, 9:24
ಉದ್ದ ಆಯಿತು, ಆದರೆ ಓದಿದೆ. ಕಾಡಿನ ದೃಶ್ಯದ ವಿಷಯ ಒಪ್ಪಿದೆ.

ತಮ್ಮ, 9:27
ನಾನು ಒಪ್ಪಲ್ಲ ಅಕ್ಕ. ಆ ದೃಶ್ಯ ನೋಡಿ ನಗುವಾಗಲೇ ಒಂಥರಾ ಕಸಿವಿಸಿ ಆಗುತ್ತದೆ, ಅದಕ್ಕೇ ಇಟ್ಟಿದ್ದಾರೆ. ಅವನು ಎಷ್ಟೇ ಒಳ್ಳೆಯವನಾದರೂ ಹಸಿವು ಬಿಡಲ್ಲ. ಮೊದಲು ಹೊರಗೆ ಬಂದಾಗ ಅಗೆಯುವ ಕೆಲಸಗಾರರನ್ನು ಕೊಂದು ಕ್ಷಮೆ ಕೇಳುತ್ತಾನೆ, ನನಗೆ ಎಷ್ಟು ಬಾಯಾರಿಕೆ ಅಂತ ನಿಮಗೆ ಗೊತ್ತಿಲ್ಲ ಅನ್ನುತ್ತಾನೆ. ಅದು ಬರೀ ಜೋಕ್ ಅಲ್ಲ.

ನಾನು, 9:29
ಬಾಯಾರಿಕೆ ಮಾತು ಒಪ್ಪುತ್ತೇನೆ. ಅದು ನಿಜಕ್ಕೂ ಒಳ್ಳೆಯ ಸಾಲು. ಅವನು ಆ ಸಾಲಿನಲ್ಲೇ ಇನ್ನೂ ಸ್ವಲ್ಪ ಹೊತ್ತು ಇರಬೇಕಿತ್ತು.

ಪುಟ್ಟಿ, 9:33
ಚಿಕ್ಕಮ್ಮ, ಒಂದು ಕೇಳಲಾ? 1,225 ಕಂತು ಈಗ ಯಾರು ಕೂತು ನೋಡುತ್ತಾರೆ? ಈ ಸಿನಿಮಾ ಬರದಿದ್ದರೆ ನನಗೆ ಬಾರ್ನಬಸ್ ಹೆಸರೇ ಗೊತ್ತಿರುತ್ತಿರಲಿಲ್ಲ. ಮಾಡಿದವರಿಗೆ ಪ್ರೀತಿ ಇರಲಿಲ್ಲ ಅಂತಲೂ ಹೇಳೋಕೆ ಆಗಲ್ಲ. ಡೆಪ್ ಚಿಕ್ಕವನಿದ್ದಾಗ ಬಾರ್ನಬಸ್ ಆಗಬೇಕು ಅಂತ ಹುಚ್ಚು ಹಿಡಿಸಿಕೊಂಡಿದ್ದನಂತೆ. ಮಿಶೆಲ್ ಫೈಫರ್ ತಾನಾಗಿಯೇ ನಿರ್ದೇಶಕ ಟಿಮ್ ಬರ್ಟನ್‌ಗೆ ಫೋನ್ ಮಾಡಿ ಪಾತ್ರ ಕೇಳಿದಳು, ಅವಳೂ ಆ ಧಾರಾವಾಹಿಯ ಅಭಿಮಾನಿ.

ಚಿಕ್ಕಪ್ಪ, 9:35
ಪ್ರೀತಿ ಇದ್ದರೆ ಟ್ರೇಲರನ್ನು ಹಾಗೆ ಯಾಕೆ ಕತ್ತರಿಸಿದರು? ಡಿಸ್ಕೊ ಲೈಟು, ಪಾಪ್ ಹಾಡು. ಹಳೆ ಅಭಿಮಾನಿಗಳಿಗೆ ಎದೆ ಒಡೆದಿದ್ದು ಆಗಲೇ.

ನಾನು, 9:41
ಪುಟ್ಟಿ, ನೀನು ಹೇಳಿದ್ದು ನಿಜ, ನನಗೂ ಆ ಹೆಸರು ಹೀಗೇ ಸಿಕ್ಕಿದ್ದು. ಪ್ರೀತಿ ಇತ್ತು, ಸಮಯ ಇರಲಿಲ್ಲ. ಸಿನಿಮಾ 113 ನಿಮಿಷ. ಕೊನೆಯಲ್ಲಿ ಕ್ಯಾರೊಲಿನ್ ಇದ್ದಕ್ಕಿದ್ದಂತೆ

ಅಕ್ಕ, 9:41
ನಿಲ್ಲಿಸು! ನಾನು ಇನ್ನೂ ನೋಡಿಲ್ಲ.

ನಾನು, 9:43
ಸರಿ, ಹೇಳಲ್ಲ. ಒಂದು ಪಾತ್ರ ಕಣ್ಣು ಮಿಟುಕಿಸುವುದರೊಳಗೆ ಬೇರೇನೋ ಆಗಿಬಿಡುತ್ತದೆ, ಅಷ್ಟು ತಿಳಿದರೆ ಸಾಕು. ಧಾರಾವಾಹಿಯಲ್ಲಿ ಅಂಥ ಗುಟ್ಟು ಬಿಚ್ಚಿಕೊಳ್ಳೋಕೆ ತಿಂಗಳುಗಳು ಬೇಕಾಗುತ್ತಿದ್ದವು. ದಿನಾ ಅರ್ಧ ಗಂಟೆ ಮನೆಗೆ ಬರುವವನ ಜೊತೆ ಬೆಳೆಯುವ ಬಳಕೆಯೇ ಬೇರೆ. ನಮ್ಮ ಅಜ್ಜಿ ಧಾರಾವಾಹಿಯ ಸೊಸೆಗೆ ಜ್ವರ ಬಂದರೆ ಮರುದಿನ ತರಕಾರಿಯವಳ ಹತ್ತಿರ ಹೇಳಿಕೊಳ್ಳುತ್ತಿದ್ದರು. ಆ ಸಂಬಂಧ ಒಂದು ಮಧ್ಯಾಹ್ನದ ಸಿನಿಮಾದಲ್ಲಿ ಹುಟ್ಟುವುದಿಲ್ಲ. ಬರ್ಟನ್ ಆ ಬಂಗಲೆ, ಬಂದರು ಎಲ್ಲ ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೊದಲ್ಲಿ ಕಟ್ಟಿಸಿದರು, ಕಣ್ಣಿಗೆ ಹಬ್ಬ. ಗೋಡೆ ಎಲ್ಲೂ ಅಲುಗಾಡುವುದಿಲ್ಲ. ಆದರೆ ಆ ಬಂಗಲೆಯಲ್ಲಿ ಯಾರಾದರೂ ಒಂದು ಸಂಜೆ ಸುಮ್ಮನೆ ಕೂತು ಬೇಜಾರು ಮಾಡಿಕೊಂಡದ್ದು ನನಗೆ ನೆನಪಿಲ್ಲ.

ಅತ್ತೆ, 9:46
ನಾನು ಪೂರ್ತಿ ಸಿನಿಮಾ ನೋಡಿಲ್ಲ ಕಣೇ. 2012ರಲ್ಲಿ ಇಲ್ಲಿ ಬಂದಾಗ ಟ್ರೇಲರ್ ನೋಡಿ, ಬೇಡ ಅಂತ ಬಿಟ್ಟೆ. ಅದೇ ಏಪ್ರಿಲ್‌ನಲ್ಲಿ ಫ್ರಿಡ್ ತೀರಿಕೊಂಡಿದ್ದರು, 87 ವರ್ಷ. ಸಿನಿಮಾ ಬರುವುದಕ್ಕೆ ಕೆಲವೇ ವಾರ ಮುಂಚೆ. ಸದ್ಯ, ಅವರು ಇದನ್ನು ನೋಡಲಿಲ್ಲ ಅಂದುಕೊಂಡೆ.

ಪುಟ್ಟಿ, 9:47
ಅಜ್ಜಿ, ಅವರು ಸಿನಿಮಾದಲ್ಲಿ ಇದ್ದಾರೆ!

ಅತ್ತೆ, 9:47
ಯಾರು?

ನಾನು, 9:50
ಅತ್ತೆ, ಇದು ನಿಮಗೆ ಗೊತ್ತಿಲ್ಲ ಅಂತ ನನಗೆ ತಿಳಿದಿರಲಿಲ್ಲ. ಬಂಗಲೆಯಲ್ಲಿ ಒಂದು ದೊಡ್ಡ ಪಾರ್ಟಿ ನಡೆಯುತ್ತದೆ, ರಾಕ್ ಗಾಯಕ ಆಲಿಸ್ ಕೂಪರ್ ಹಾಡುತ್ತಾನೆ. ಆ ಪಾರ್ಟಿಗೆ ಬರುವ ಅತಿಥಿಗಳಲ್ಲಿ ಹಳೆ ಧಾರಾವಾಹಿಯ ನಾಲ್ವರು ಇದ್ದಾರೆ. ಲಾರಾ ಪಾರ್ಕರ್, ಡೇವಿಡ್ ಸೆಲ್ಬಿ, ಕ್ಯಾಥರಿನ್ ಲೀ ಸ್ಕಾಟ್. ಜೊತೆಗೆ ಜೊನಾಥನ್ ಫ್ರಿಡ್. ಕೆಲವೇ ಸೆಕೆಂಡು. ತಡೆಯಿರಿ, ಆ ಜಾಗ ಮಾತ್ರ ಕತ್ತರಿಸಿ ಕಳಿಸುತ್ತೇನೆ.

ನಾನು, 9:58
(ವಿಡಿಯೊ)

ಚಿಕ್ಕಪ್ಪ, 10:02
ನನಗೆ ಯಾರು ಅಂತ ಗೊತ್ತಾಗಲಿಲ್ಲ.

ಅತ್ತೆ, 10:09
ನನಗೆ ಗೊತ್ತಾಯಿತು. ಎಷ್ಟು ವಯಸ್ಸಾಗಿಬಿಟ್ಟಿದೆ. ಆದರೆ ಕಣ್ಣು ಅದೇ. ನಾಲ್ಕು ಸಲ ಹಾಕಿ ನೋಡಿದೆ. 1967ರಲ್ಲೂ ಹೀಗೆಯೇ ಅತಿಥಿಯಾಗಿ ಆ ಮನೆಗೆ ಬಂದಿದ್ದ, ನೀನೇ ಬರೆದೆಯಲ್ಲ.

ತಮ್ಮ, 10:10
ಅತ್ತೆ, ಬೇಸರ ಮಾಡಿಕೊಂಡಿರಾ? ನಾನು ಸುಮ್ನೆ ಕಳಿಸಿದ್ದೆ.

ಅತ್ತೆ, 10:12
ಇಲ್ಲ ಮಗನೇ. ಈಗ ಇಲ್ಲಿ ಮಧ್ಯಾಹ್ನ. ಅಡುಗೆ ಆಗಿದೆ. ಪೂರ್ತಿ ಸಿನಿಮಾ ಎಲ್ಲಿ ಸಿಗುತ್ತದೆ, ಅದು ಕಳಿಸು.

ಅಕ್ಕ, 10:13
ನನಗೂ.