6 ಇಂಚಿನ ಗ್ರೈಂಡರ್‌ನಲ್ಲಿ ಉಳಿ ಸಾಣೆ: ಮೂಲೆ ನೀಲಿ ಆದ್ರೆ ಹದ ಹೋದ ಹಾಗೇನಾ?

ಹೊಸಗೊರಡು: 6 ಇಂಚಿನ ಬೆಂಚ್ ಗ್ರೈಂಡರ್, 2850 ಆರ್‌ಪಿಎಂ, ಜೊತೆಗೆ ಬಂದ ಬೂದು ಬಣ್ಣದ 36 ಗ್ರಿಟ್ (ಕಾಳಿನ ನಯದ ಅಳತೆ) ಚಕ್ರ. 12 ಎಂ.ಎಂ. ಉಳಿಗೆ 25 ಡಿಗ್ರಿ ಬೆವೆಲ್ (ಅಲಗಿನ ಇಳಿಜಾರು) ಹಿಡಿಯುವಾಗ ಬಲಮೂಲೆ ನೀಲಿ ತಿರುಗಿದೆ. ಈ ಉಳಿ ಉಳಿಯುತ್ತಾ? ಇದೇ ಯಂತ್ರದಲ್ಲಿ ಮುಂದುವರಿಯಲಾ, ನೀರಲ್ಲಿ ತಿರುಗೋ ನಿಧಾನದ್ದು ತಗೊಳ್ಳಲಾ?

ಸಾಣೆಕಲ್ಲು: ಯಂತ್ರ ಅದೇ ಇರಲಿ, ಚಕ್ರ ಬದಲಾಯಿಸಿ. ಬೂದು ಚಕ್ರದ ಬಂಧ ಗಟ್ಟಿ. ಕಾಳು ಮೊಂಡಾದರೂ ಉದುರಲ್ಲ, ಕೊರೆಯೋ ಬದಲು ಉಜ್ಜುತ್ತೆ, ಬಿಸಿ ಬರೋದು ಅಲ್ಲೇ. ಬಿಳಿ ಅಲ್ಯೂಮಿನಿಯಂ ಆಕ್ಸೈಡ್ ಹಾಕಿ, 60 ಗ್ರಿಟ್, ಕೆ ಗ್ರೇಡ್, ಅಂದ್ರೆ ಬಂಧ ಅಷ್ಟು ಗಟ್ಟಿ ಇರಲ್ಲ. ಉಳಿ ಊರೋ ಟೂಲ್ ರೆಸ್ಟ್‌ಗೂ ಚಕ್ರಕ್ಕೂ ಸಂದು 3 ಎಂ.ಎಂ. ದಾಟಬಾರದು. ಚಕ್ರ ಹೆರೆಯೋ ಡೈಮಂಡ್ ಡ್ರೆಸ್ಸರ್‌ನಿಂದ ಅದರ ಮುಖ ನಡುವೆ ತುಸು ಉಬ್ಬುವಂತೆ ಮಾಡಿದರೆ ಮೂಲೆ ಒಂದೇ ಸಮ ತಾಗಲ್ಲ. ನೀಲಿ ಆದ ಭಾಗದ ಹದ ಹೋಗಿದೆ, ಅಂದ್ರೆ ಉಕ್ಕು ಮೆತ್ತಗಾಗಿದೆ, ಅಷ್ಟೂ ತೆಗೀಬೇಕು.

ಚಕ್ಕೆ: "ಹದ ಹೋಗಿದೆ" ಅಂತ ನೋಡದೇ ತೀರ್ಪು! ಮರದ ಲೇತ್‌ನವರ ಗೌಜ್‌ಗಳು (ಬಾಗಿದ ಅಲಗಿನ ಉಳಿಗಳು) ದಿನಾ ನೀಲಿ ಆಗ್ತವೆ. ಒಬ್ಬರೂ ಬಿಸಾಕಲ್ಲ.

ಸಾಣೆಕಲ್ಲು: ಅದು ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಸ್ವಾಮಿ. ಅದರ ಹದವೇ 550 ಡಿಗ್ರಿ ಆಸುಪಾಸು, 300ಕ್ಕೆ ಏನೂ ಆಗಲ್ಲ. ಇಲ್ಲಿರೋದು ಕಾರ್ಬನ್ ಉಕ್ಕು. ಬಣ್ಣದ ಲೆಕ್ಕ ಹೀಗಿದೆ: ತಿಳಿ ಹಳದಿ ಸುಮಾರು 220, ಕಂದು 250, ನೇರಳೆ 280, ನೀಲಿ 300. ಗಟ್ಟಿತನದ ಅಳತೆ ರಾಕ್‌ವೆಲ್‌ನಲ್ಲಿ 60 ಇದ್ದದ್ದು 55ರ ಹತ್ತಿರ ಇಳಿದಿರುತ್ತೆ.

ಧಾರವಾಡ ಬಡಿಗ್ಯಾ: 300 ಆಗ್ಲಿ 400 ಆಗ್ಲಿ, ಬಿಸಿ ಆದ ಕೂಡ್ಲೆ ನೀರಾಗ ಅದ್ರೀ, ಮುಗೀತು. ಕಮ್ಮಾರ ಹದ ಹಾಕೂದು ಹೆಂಗ? ಕಾಸಿ ಅದ್ದಿನ ಹೌದಿಲ್ಲೋ?

ಸಾಣೆಕಲ್ಲು: ಕಮ್ಮಾರ ಅದ್ದೋದು ಕೆಂಪಗೆ ಕಾದಾಗ, ಆಯಸ್ಕಾಂತ ಹಿಡಿಯದಷ್ಟು ಬಿಸಿಗೆ, 770 ದಾಟಿಸಿ. ನೀಲಿ ಆದದ್ದನ್ನ ಅದ್ದಿದ್ರೆ ತಣ್ಣನೆಯ ಮೆತ್ತನೆ ಉಳಿ ಸಿಗುತ್ತೆ, ಅಷ್ಟೆ. ಅದ್ದೋದಿದ್ರೆ ಬಣ್ಣ ಬರೋ ಮೊದಲೇ ಅದ್ದಬೇಕು. ಅಲಗಿನ ಹತ್ತಿರ ಬೆರಳಿಟ್ಟುಕೊಳ್ಳಿ, ಚುರುಕ್ ಅಂದ ತಕ್ಷಣ ನೀರಿಗೆ.

ಧಾರವಾಡ ಬಡಿಗ್ಯಾ: ಅಂದ್ರ ಅದ್ದಬೇಕು ಅಂತ ನೀವೂ ಒಪ್ಪಿದಂಗಾತು.

ಕುಂದಾಪುರ ಹಲಸು: ಬೆರಳು ಸುಟ್ಟುಕೊಂಡು ಥರ್ಮಾಮೀಟರ್ ಆಗೂದು ಎಂಥಕ್ಕೆ ಮಾರಾಯ್ರೆ? ನೀರಲ್ಲಿ ತಿರುಗೂ ಸ್ವೀಡನ್ನಿನ ಟಾರ್ಮೆಕ್ ಟಿ-8 ನೋಡಿ: 250 ಎಂ.ಎಂ. ಕಲ್ಲು, 90 ಆರ್‌ಪಿಎಂ. ಅಂಚಿನ ವೇಗ ಸೆಕೆಂಡಿಗೆ 1.2 ಮೀಟರ್. ನಿಮ್ಮ ಬೆಂಚ್ ಗ್ರೈಂಡರ್‌ನದ್ದು 22. ಜಿಗ್‌ನಲ್ಲಿ (ಕೋನ ತಪ್ಪದ ಹಾಗೆ ಹಿಡಿಯುವ ಹಿಡಿಕೆ) ಉಳಿ ಕಟ್ಟಿ, ಕೋನ ಇಟ್ಟು, ನೀರು ಅಲಗಿನ ಮೇಲೆ ಹರಿಯುವ ಹಾಗೆ ಹಿಡಿದರೆ ಆಯ್ತು. ಗ್ರೇಡಿಂಗ್ ಕಲ್ಲು ಒತ್ತಿದರೆ ಅದೇ ಚಕ್ರ 220ರಿಂದ 1000ಕ್ಕೆ ಹೋಗ್ತದೆ. ಕೊನೆಗೆ ಚರ್ಮದ ಚಕ್ರ.

ಚಕ್ಕೆ: 250 ಎಂ.ಎಂ. ಕಲ್ಲಾದ್ರೂ ಬೆವೆಲ್ ಗುಳಿ ಬೀಳುತ್ತಲ್ಲ. ಗುಳಿ ಬಿದ್ದ ಅಲಗು ಕೊಡತಿ ಪೆಟ್ಟಿಗೆ ನಿಲ್ಲಲ್ಲ.

ಕುಂದಾಪುರ ಹಲಸು: ಲೆಕ್ಕ ಹಾಕಿ ಮಾತಾಡಿ. 4 ಎಂ.ಎಂ. ದಪ್ಪ, 25 ಡಿಗ್ರಿ, ಬೆವೆಲ್ ಉದ್ದ 9.5 ಎಂ.ಎಂ. ಗುಳಿಯ ಆಳ 0.09 ಎಂ.ಎಂ. 6 ಇಂಚಿನ ಚಕ್ರದಲ್ಲೂ 0.15. ಅದರ ಮೇಲೆ ತುದಿಗಷ್ಟೇ 30 ಡಿಗ್ರಿಗೆ ಕಿರು ಬೆವೆಲ್ ಹಿಡಿದ ಮೇಲೆ ಕೊಡತಿ ಪೆಟ್ಟು ತಿನ್ನೂದು ಯಾವುದು, ಗುಳಿಯೋ ಕಿರು ಬೆವೆಲ್ಲೋ?

ಚಕ್ಕೆ: ಕಿರು ಬೆವೆಲ್ ಬೇಕು ಅಂದ್ರೆ ಯಂತ್ರ ಒಂದರಲ್ಲೇ ಮುಗಿಯಲ್ಲ ಅಂತಾಯ್ತು. ಇರಲಿ, ನೀಲಿ ವಿಷಯ ಮುಗಿದಿಲ್ಲ. ನೀಲಿ ಬರೀ ಮೇಲಿನ ಆಕ್ಸೈಡ್ ಪೊರೆ. 600ರ ಉಪ್ಪು ಕಾಗದಕ್ಕೆ ಎರಡು ಸಲ ಉಜ್ಜಿ, ಹೋಗುತ್ತೆ.

ಸಾಣೆಕಲ್ಲು: ಬಣ್ಣ ಹೋಗುತ್ತೆ, ಮೆತ್ತಗಾದ್ದು ಅಲ್ಲೇ ಇರುತ್ತೆ! ಜ್ವರದವನ ಹಣೆ ಒರೆಸಿ ವಾಸಿಯಾಯ್ತು ಅನ್ನೋ ವೈದ್ಯ ನೀವು. ಅದಕ್ಕೇ ಉಜ್ಜೋ ಮೊದಲು ನೀಲಿ ಎಲ್ಲಿವರೆಗಿದೆ ಅಂತ ಬೆನ್ನಿನ (ಉಳಿಯ ಚಪ್ಪಟೆ ಬದಿ) ಮೇಲೆ ಗೀರಿಕೊಳ್ಳಬೇಕು.

ಚಕ್ಕೆ: ವೈದ್ಯಕೀಯ ಬೇಡ. ಅರ ಹಾಕಿ ನೋಡಿ. ಜಾರಿದ್ರೆ ಗಟ್ಟಿ, ಕಚ್ಚಿದ್ರೆ ಮೆತ್ತಗೆ.

ಸಾಣೆಕಲ್ಲು: ಹೊಸ ಅರ 60ರ ಉಕ್ಕನ್ನೂ ತುಸು ಕಚ್ಚುತ್ತೆ. ಗಟ್ಟಿ ಮರದಲ್ಲಿ ಕೆತ್ತಿ ನೋಡಿ. ಹದ ಹೋದ ಮೂಲೆ ಮುರಿಯಲ್ಲ, ಮಡಚಿಕೊಳ್ಳುತ್ತೆ. ಬೆನ್ನಿನ ಕಡೆ ಉಗುರು ಎಳೆದರೆ ತಟ್ಟುತ್ತೆ.

ಚಕ್ಕೆ: ತೇಗದಲ್ಲಿ ಸಿಲಿಕಾ ಇದೆ, ಎಂಥ ಉಳಿಯೂ ಮೊಂಡಾಗುತ್ತೆ. ಅದೂ ಹದದ ತಪ್ಪಾ?

ಸಾಣೆಕಲ್ಲು: ಮೊಂಡಾಗೋದು ಬೇರೆ, ಮಡಚೋದು ಬೇರೆ. ಕನ್ನಡದಲ್ಲೇ ಬರೆದಿದ್ದೀನಿ.

ಕುಂದಾಪುರ ಹಲಸು: ನೀರಿನ ಯಂತ್ರದಲ್ಲಿ ಈ ಜಗಳವೇ ಇಲ್ಲ.

ಸಾಣೆಕಲ್ಲು: ಬೇರೆ ರಗಳೆ ಇದೆ. ಕೆಲಸ ಮುಗಿದ ಮೇಲೆ ತೊಟ್ಟಿಯ ನೀರು ಚೆಲ್ಲದಿದ್ದರೆ ಕಲ್ಲಿನ ಒಂದೇ ಬದಿ ನೆನೆದು ಭಾರವಾಗುತ್ತೆ. ಚರ್ಮದ ಚಕ್ರ ಅಲಗಿನಿಂದ ಆಚೆಗೆ ತಿರುಗಬೇಕು, ಎದುರು ಹಿಡಿದರೆ ಅಲಗು ಚರ್ಮದೊಳಗೆ ನಾಟುತ್ತೆ. ಬೆನ್ನನ್ನ ತುಸು ಎತ್ತಿ ಹಿಡಿದರೂ ತುದಿ ದುಂಡಗಾಗುತ್ತೆ. 30ರಿಂದ 25 ಡಿಗ್ರಿಗೆ ಇಳಿಸೋಕೆ ಹೊರಟರೆ ಎರಡು ಕಾಫಿ ಆಗುತ್ತೆ.

ಕುಂದಾಪುರ ಹಲಸು: ಕಾಫಿ ಕುಡೀರಿ. ಉಳಿ ಸುಡೂದಕ್ಕಿಂತ ಒಳ್ಳೇದು.

ಹೊಸಗೊರಡು: ನೀಲಿ ಮೂಲೆಯಿಂದ 2 ಎಂ.ಎಂ. ಒಳಗಿದೆ. ಈಗ ಮಾಡಬೇಕಾದ್ದು ಹೇಳ್ತೀರಾ?

ಸಾಣೆಕಲ್ಲು: ಬೆನ್ನಿನ ಮೇಲೆ 3 ಎಂ.ಎಂ.ಗೆ ಮೂಲೆಮಟ್ಟ ಇಟ್ಟು ಅಡ್ಡ ಗೆರೆ ಎಳೆಯಿರಿ. ಉಳಿಯನ್ನ ಚಕ್ರಕ್ಕೆ ನೇರ ಒತ್ತಿ, ಬಿಟ್ಟು ಬಿಟ್ಟು, ಗೆರೆವರೆಗೂ ತೆಗೆಯಿರಿ. ತುದಿ ಚೌಕ ಮೊಂಡಾಗುತ್ತೆ. ದಪ್ಪ ಇರೋದರಿಂದ ಬೇಗ ಸುಡಲ್ಲ. ಆಮೇಲೆ 25ಕ್ಕೆ ಬೆವೆಲ್. ತುದಿಯಲ್ಲಿ ಕೂದಲೆಳೆಯಷ್ಟು ಹೊಳೆಯೋ ಗೆರೆ ಉಳಿದಾಗ ಗ್ರೈಂಡರ್ ನಿಲ್ಲಿಸಿ. ಅದನ್ನೂ ತೆಗೆಯೋಕೆ ಹೋದ್ರೆ ಮತ್ತೆ ನೀಲಿ. ಮಿಕ್ಕಿದ್ದು 1000ದ ಕಲ್ಲಿನ ಮೇಲೆ 30 ಡಿಗ್ರಿಗೆ, ಬೆನ್ನಿಗೆ ಬರ್ (ಅಂಚಿನ ಸಣ್ಣ ಲೋಹದ ಎಳೆ) ತಟ್ಟೋವರೆಗೂ. ಆಮೇಲೆ 6000. ಬೆನ್ನು ಕಲ್ಲಿನ ಮೇಲೆ ಚಪ್ಪಟೆಯಾಗಿಯೇ ಇರಲಿ.

ಚಕ್ಕೆ: 3 ಎಂ.ಎಂ. ಒಳ್ಳೇ ಉಕ್ಕು ಪುಡಿ ಮಾಡಿಸ್ತಿದ್ದಾರೆ, ಯೋಚನೆ ಮಾಡಿ.

ಧಾರವಾಡ ಬಡಿಗ್ಯಾ: ನಡುವ ನೀರಾಗ ಅದ್ದೂದು ಮರೀಬ್ಯಾಡ್ರಿ.