ಮೆಥೋಟ್ರೆಕ್ಸೇಟ್ ವಾರಕ್ಕೊಂದೇ ದಿನ: ಮನೆಯಲ್ಲಿ ತಪ್ಪಾಗದಂತೆ ನೋಡಿಕೊಳ್ಳೋದು ಹೇಗೆ?

ಹೊಸನಗರ ಕಡೆಯವರು
ಅಮ್ಮನಿಗೆ 68 ವರ್ಷ, ಸಂಧಿವಾತ. ಡಾಕ್ಟರು ಮೆಥೋಟ್ರೆಕ್ಸೇಟ್ 15 ಮಿ.ಗ್ರಾಂ. ಭಾನುವಾರ ರಾತ್ರಿ ಮಾತ್ರ, ಉಳಿದ ಆರು ದಿನ ಫೋಲಿಕ್ ಆಸಿಡ್ 5 ಮಿ.ಗ್ರಾಂ. ಅಂತ ಬರೆದಿದ್ದಾರೆ. ಅಮ್ಮನಿಗೆ ಕಣ್ಣು ಮಂಜು, ಬಣ್ಣ ನೋಡಿಯೇ ಮಾತ್ರೆ ಗುರುತು ಹಿಡಿಯೋದು. ಹಗಲು ನಾವು ತೋಟದಲ್ಲಿರ್ತೀವಿ. ಏನೇನು ಜಾಗ್ರತೆ ಬೇಕು? ಜ್ವರ ಬಂದರೆ?

ಔಷಧಿ ಅಂಗಡಿ, ಸಾಗರ
ಬಣ್ಣ ನೋಡಿ ನುಂಗೋದನ್ನು ಇವತ್ತೇ ಬಿಡಿಸಿ. ಎರಡೂ ಸಾಮಾನ್ಯವಾಗಿ ಸಣ್ಣ ಹಳದಿ ಮಾತ್ರೆಗಳೇ. ಹೆಸರೂ ಮೋಸ ಮಾಡುತ್ತೆ: ಫೋಲಿಟ್ರ್ಯಾಕ್ಸ್ ಅಂದರೆ ಮೆಥೋಟ್ರೆಕ್ಸೇಟ್, ಫೋಲ್ವೈಟ್ ಅಂದರೆ ಫೋಲಿಕ್ ಆಸಿಡ್. ಅದಲುಬದಲಾದರೆ ವಾರಕ್ಕೊಮ್ಮೆಯದು ಆರು ದಿನ ಹೊಟ್ಟೆಗೆ ಹೋಗುತ್ತೆ. ಹಾಗೆ ದಿನಾ ತಗೊಂಡು ಪ್ರಾಣ ಹೋದವರಿದ್ದಾರೆ.

ಇನ್ನೊಂದು ತಪ್ಪು ಸ್ಟ್ರಿಪ್ಪಿನದು. 15 ಅಂದರೆ 2.5ರ ಆರು ಮಾತ್ರೆ. ಮುಂದಿನ ಸಲ ಅಂಗಡಿಯವರು 10ರದ್ದು ಕೊಟ್ಟು, ನೀವು ರೂಢಿಯಂತೆ ಆರು ನುಂಗಿಸಿದರೆ 60 ಆಯಿತು! ಯಾವಾಗಲೂ 2.5ರದ್ದೇ ಕೇಳಿ, ಸ್ಟ್ರಿಪ್ಪಿನ ಹಿಂದಿನ ಅಂಕಿ ಕಣ್ಣಾರೆ ನೋಡಿ. ನಾಲ್ಕು ಭಾನುವಾರಕ್ಕೆ 24 ಮಾತ್ರೆ ಸಾಕು, ಹೆಚ್ಚು ತಂದಿಡಬೇಡಿ. ದಿನದ ಮಾತ್ರೆಗಳ ಜೊತೆ ಸೇರಿಸದೆ ಬೇರೆ ಡಬ್ಬಿಯಲ್ಲಿ, ನಿಮ್ಮ ಕೈಯಲ್ಲಿರಲಿ. ನೀವೇ ಎದುರು ಕೂತು ಕೊಟ್ಟು, ಕ್ಯಾಲೆಂಡರಿನ ಆ ಭಾನುವಾರಕ್ಕೆ ಗುರುತು ಹಾಕಿ. ಮಳೆಗಾಲದ ಥಂಡಿಗೆ ಬಿಡಿ ಮಾತ್ರೆ ಮೆತ್ತಗಾಗುತ್ತೆ, ಮುಂಚೆಯೇ ಬಿಡಿಸಿಡಬೇಡಿ.

ಶುಶ್ರೂಷಕಿ, ತೀರ್ಥಹಳ್ಳಿ
ಜ್ವರದ ವಿಷಯ ಹೇಳ್ತೀನಿ, ನಮ್ಮ ಕಡೆ ಇದು ಮುಖ್ಯ. ಈ ಔಷಧಿ ಮಜ್ಜೆಯನ್ನು (ಮೂಳೆಯೊಳಗೆ ರಕ್ತಕಣ ತಯಾರಾಗುವ ಜಾಗ) ಅದುಮಿದರೆ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಇಳಿಯುತ್ತವೆ. ಉಣುಗು ಕಚ್ಚಿ ಬರುವ ಮಂಗನ ಕಾಯಿಲೆಯಲ್ಲೂ (ಕೆಎಫ್‌ಡಿ) ಇಳಿಯೋದು ಅವೇ. ಬೇಸಿಗೆಯಲ್ಲಿ ಉಣುಗು ಕಚ್ಚಿದ ಜ್ವರವೋ, ಗದ್ದೆ ಕೆಲಸದ ಕಾಲದ ಇಲಿ ಜ್ವರವೋ, ಮಾತ್ರೆಯ ವಿಷವೋ ಅಂತ ಮನೆಯಲ್ಲಿ ಹೇಳೋಕಾಗಲ್ಲ. ಜ್ವರ, ಬಾಯಿಹುಣ್ಣು, ಗಂಟಲು ನೋವು, ಮೈಮೇಲೆ ನೀಲಿ ಕಲೆ, ಒಣಕೆಮ್ಮಿನ ಜೊತೆ ಏದುಸಿರು, ಇದರಲ್ಲಿ ಯಾವುದು ಕಂಡರೂ ಮುಂದಿನ ಡೋಸ್ ಕೊಡಬೇಡಿ. ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ, ಮೆಥೋಟ್ರೆಕ್ಸೇಟ್ ಹೆಸರು ಹೇಳಿಯೇ ತೋರಿಸಿ.

ಮೂತ್ರದ ಉರಿಗೆ, ಭೇದಿಗೆ ಅಂತ ಕೋಟ್ರೈಮಾಕ್ಸಜೋಲ್ (ಸೆಪ್ಟ್ರಾನ್) ಅನ್ನೋ ಆ್ಯಂಟಿಬಯಾಟಿಕ್ ಯಾರಾದರೂ ಕೊಟ್ಟರೆ ಬೇಡ ಅನ್ನಿ. ಅದೂ ಮೆಥೋಟ್ರೆಕ್ಸೇಟೂ ಫೋಲೇಟ್ ಅನ್ನೋ ಜೀವಸತ್ವವನ್ನೇ ತಡೆಯುವಂಥವು, ಕೂಡಿದರೆ ಮಜ್ಜೆ ನಿಂತುಹೋಗಬಹುದು. ನೋವಿನ ಮಾತ್ರೆಯನ್ನೂ ಡಾಕ್ಟರನ್ನು ಕೇಳದೆ ಸೇರಿಸಬೇಡಿ. ಈ ಔಷಧಿ ಹೊರಹೋಗೋದು ಮೂತ್ರಪಿಂಡದ ಮೂಲಕ. ವಾಂತಿಭೇದಿಯಾಗಿ ನೀರು ಕಡಿಮೆಯಾದರೂ ಒಳಗೇ ಉಳಿಯುತ್ತೆ, ಆ ವಾರ ಡೋಸ್ ಕೊಡುವ ಮೊದಲು ಡಾಕ್ಟರಿಗೆ ಫೋನ್ ಮಾಡಿ.

ಮೊದಲ ಮೂರು ತಿಂಗಳು 2ರಿಂದ 4 ವಾರಕ್ಕೊಮ್ಮೆ ಸಿಬಿಸಿ (ರಕ್ತಕಣಗಳ ಎಣಿಕೆ), ಲಿವರ್, ಕ್ರಿಯಾಟಿನಿನ್ (ಮೂತ್ರಪಿಂಡದ್ದು) ಪರೀಕ್ಷೆ ಮಾಡಿಸಿ. ಆಮೇಲೆ 8ರಿಂದ 12 ವಾರಕ್ಕೊಮ್ಮೆ. ನೋವು ಕಮ್ಮಿಯಾಗಿದೆ ಅಂತ ಪೇಟೆಗೆ ಹೋಗೋದು ತಪ್ಪಿಸಬೇಡಿ.

ಹೊಸನಗರ ಕಡೆಯವರು
ಭಾನುವಾರ ಮರೆತರೆ? ತಪ್ಪಿ ಹೆಚ್ಚು ನುಂಗಿದರೆ? ನನ್ನ ಹೆಂಡತಿ ಈಗ ಬಸುರಿ, ಅವಳು ಮಾತ್ರೆ ಮುಟ್ಟಬಹುದಾ?

ಔಷಧಿ ಅಂಗಡಿ, ಸಾಗರ
ಎರಡು ದಿನದೊಳಗೆ ನೆನಪಾದರೆ ಕೊಡಿ. ದಾಟಿದರೆ ಆ ವಾರ ಬಿಟ್ಟು ಮುಂದಿನ ಭಾನುವಾರ ಎಂದಿನಷ್ಟೇ, ದುಪ್ಪಟ್ಟು ಬೇಡ.

ಹೆಚ್ಚು ಹೋದರೆ ಏನೂ ಆಗಿಲ್ಲ ಅಂತ ಕಾಯಬೇಡಿ, ಬಾಯಿಹುಣ್ಣು ಕಾಣೋದು ದಿನಗಳಾದ ಮೇಲೆ. ಕೂಡಲೇ ದೊಡ್ಡಾಸ್ಪತ್ರೆಗೆ, ಸ್ಟ್ರಿಪ್ ಸಮೇತ. ಅಲ್ಲಿ ಕೊಡೋದು ಲ್ಯೂಕೊವೊರಿನ್ ಅನ್ನೋ ಪ್ರತಿವಿಷ, ಬೇಗ ಸಿಕ್ಕಷ್ಟೂ ಒಳ್ಳೇದು. ಮನೆಯ ಫೋಲಿಕ್ ಆಸಿಡ್ ಅದರ ಕೆಲಸ ಮಾಡಲ್ಲ.

ನಿಮ್ಮ ಹೆಂಡತಿ ಮುಟ್ಟದಿರಲಿ, ಹೊಟ್ಟೆಯಲ್ಲಿರುವ ಮಗುವಿಗೆ ಇದು ಹಾನಿ ಮಾಡುತ್ತೆ. ಪುಡಿ ಮಾಡಿ, ಮುರಿದು ಕೊಡೋದಂತೂ ಬೇಡವೇ ಬೇಡ. ಕೊಟ್ಟವರು ಕೈ ತೊಳೆಯಿರಿ. ಉಳಿದ ಮಾತ್ರೆ ತೋಟಕ್ಕೆ ಎಸೆಯದೆ ಅಂಗಡಿಗೆ ತಂದು ಕೇಳಿ.