ಹೀಚು ಕೀಳಬೇಕೋ ಬೇಡವೋ

ನಮ್ಮ ಮನೆಯವರ ವಾಟ್ಸಾಪ್ ಗುಂಪಿನ ಮಾತು ಇದು. ಗುಡ್ ಮಾರ್ನಿಂಗ್ ಚಿತ್ರ, ಸ್ಟಿಕರ್, ಮದುವೆ ಮನೆಯ ಸುದ್ದಿ ಎಲ್ಲ ತೆಗೆದಿದ್ದೇನೆ. ಜಗಳ ಮಾತ್ರ ಉಳಿಸಿದ್ದೇನೆ. ಹಿತ್ತಲಲ್ಲಿ ಸೇಬಿನ ಗಿಡ ಇರುವವರಿಗೆ ಉಪಯೋಗ ಆಗಬಹುದು.

ದೊಡ್ಡಪ್ಪ: (ವಿಡಿಯೊ) ಈ ಮನುಷ್ಯನನ್ನು ನೋಡಿ. ಗಿಡದ ತುಂಬ ಗೋಲಿ ಗಾತ್ರದ ಹೀಚು. ಕತ್ತರಿ ಹಿಡಿದು ಒಂದೊಂದೇ ಕತ್ತರಿಸಿ ನೆಲಕ್ಕೆ ಹಾಕುತ್ತಿದ್ದಾನೆ. ಕೊನೆಗೆ ಗಿಡದಲ್ಲಿ ಇರುವುದಕ್ಕಿಂತ ನೆಲದ ಮೇಲೆ ಬಿದ್ದದ್ದೇ ಜಾಸ್ತಿ. ಇದನ್ನು ಆರೈಕೆ ಅಂತಾನಂತೆ!

ಚಿಕ್ಕಮ್ಮ: ಅಯ್ಯೋ, ನೋಡೋಕೆ ಆಗಲ್ಲ ಭಾವ. ನನ್ನ ಗಿಡದಲ್ಲಿ ಈ ಸಲ ಒಂದೇ ಒಂದು ಹೂವಿಲ್ಲ. ಇವನು ಇದ್ದದ್ದನ್ನೇ ಬಿಸಾಡುತ್ತಿದ್ದಾನೆ.

ಅಕ್ಕ: ಚಿಕ್ಕಮ್ಮ, ಹೋದ ವರ್ಷ ನಿಮ್ಮ ಗಿಡ ಹೇಗಿತ್ತು?

ಚಿಕ್ಕಮ್ಮ: ಎಲೆ ಕಾಣದಷ್ಟು ಕಾಯಿ ಬಿಟ್ಟಿತ್ತು. ಕೊಂಬೆಗೆ ಕೋಲು ಆಸರೆ ಕೊಟ್ಟಿದ್ದೆವು. ಫೋಟೊ ಹಾಕಿದ್ದೆನಲ್ಲ, ನೀವೆಲ್ಲ ಚಪ್ಪಾಳೆ ತಟ್ಟಿದ್ದಿರಿ.

ಅಕ್ಕ: ಈ ವರ್ಷ ಹೂವು ಬರದೆ ಇರುವುದಕ್ಕೆ ಆ ಚಪ್ಪಾಳೆ ತಟ್ಟಿಸಿಕೊಂಡ ಕಾಯಿಗಳೇ ಕಾರಣ. ವಿಡಿಯೊದಲ್ಲಿ ಅವನು ಮಾಡುತ್ತಿರುವುದು ಸರಿಯಾಗಿದೆ ದೊಡ್ಡಪ್ಪ.

ದೊಡ್ಡಪ್ಪ: ಸುಮ್ನೆ ಏನೋ ಹೇಳಬೇಡ. ಅವಳ ಗಿಡಕ್ಕೆ ಗೊಬ್ಬರ ಸಾಲದು, ಅಷ್ಟೇ. ಒಳ್ಳೆ ಗೊಬ್ಬರ ಕೊಟ್ಟರೆ ಹೂವು ತಾನಾಗಿ ಬರುತ್ತದೆ.

ಅಕ್ಕ: ಸಾರಜನಕ ಜಾಸ್ತಿ ಕೊಟ್ಟರೆ ಎಲೆ ಬರುತ್ತದೆ, ಉದ್ದುದ್ದ ಚಿಗುರು ಬರುತ್ತದೆ. ಹೂವು ಇನ್ನೂ ಹಿಂದೆ ಬೀಳಬಹುದು. ಸೇಬಿನ ಈ ವರ್ಷದ ಹೂವು ಈ ವರ್ಷ ತೀರ್ಮಾನ ಆಗುವುದಲ್ಲ. ಹೋದ ಬೇಸಿಗೆಯಲ್ಲೇ, ಕಾಯಿ ಇನ್ನೂ ಗಿಡದಲ್ಲಿ ತೂಗುತ್ತಿರುವಾಗಲೇ, ಮೊಗ್ಗು ಹೂವಾಗಬೇಕೋ ಬರೀ ಎಲೆಯಾಗಬೇಕೋ ಅನ್ನುವುದು ಒಳಗೊಳಗೇ ನಿರ್ಧಾರ ಆಗಿರುತ್ತದೆ. ಆ ಹೊತ್ತಿಗೆ ಪಕ್ಕದಲ್ಲೇ ಕಾಯಿ ಇದ್ದರೆ ಅದರ ಬೀಜಗಳಿಂದ ಗಿಬ್ಬರೆಲಿನ್ ಅನ್ನುವ ಹಾರ್ಮೋನು ಹೊರಡುತ್ತದೆ. ಮೊಗ್ಗು ಹೂವಾಗದ ಹಾಗೆ ಅದು ತಡೆಯುತ್ತದೆ.

ಭಾವ: ಅಂದರೆ ಈ ವರ್ಷದ ಮಕ್ಕಳು ಮುಂದಿನ ವರ್ಷದ ತಮ್ಮ ತಂಗಿಯರಿಗೆ ಬಾಗಿಲು ಹಾಕುತ್ತಾರೆ. ನಮ್ಮ ಮನೆತನದ ಹಾಗೇ ಇದೆ.

ದೊಡ್ಡಪ್ಪ: ತಮಾಷೆ ಸಾಕು ಅಳಿಯಂದಿರೇ. ಗಿಡಕ್ಕೆ ಸುಸ್ತಾಗಿತ್ತು, ಅದಕ್ಕೆ ಒಂದು ವರ್ಷ ವಿಶ್ರಾಂತಿ ತೆಗೆದುಕೊಂಡಿತು ಅಂದರೆ ಒಪ್ಪುತ್ತೇನೆ. ನಮ್ಮ ಹಿರಿಯರೂ ಅದನ್ನೇ ಹೇಳುತ್ತಿದ್ದರು. ಬೀಜ ಬಂದು ಹೂವನ್ನು ತಡೆಯುತ್ತದೆ ಅನ್ನುವುದನ್ನು ಯಾರು ನೋಡಿದವರು?

ಅಕ್ಕ: ನೋಡಿದವರು ಇದ್ದಾರೆ. ಸ್ಪೆನ್ಸರ್ ಸೀಡ್‌ಲೆಸ್ ಅಂತ ಒಂದು ಸೇಬಿನ ತಳಿ ಇದೆ. ಪರಾಗ ತಗಲದಿದ್ದರೂ ಕಾಯಿ ಕಟ್ಟುತ್ತದೆ, ಆಗ ಬೀಜ ಇರುವುದಿಲ್ಲ. ಕೈಯಿಂದ ಪರಾಗ ಹಚ್ಚಿದರೆ ಬೀಜ ಬರುತ್ತದೆ. ಚಾನ್ ಮತ್ತು ಕೇನ್ ಅನ್ನುವ ಇಬ್ಬರು ಇದೇ ಗಿಡದ ಮೇಲೆ ಪ್ರಯೋಗ ಮಾಡಿ 1967ರಲ್ಲಿ ಪ್ರಕಟಿಸಿದರು. ಬೀಜ ಇರುವ ಕಾಯಿ ಹೊತ್ತ ಕಡ್ಡಿಗಳಲ್ಲಿ ಮರುವರ್ಷದ ಹೂವು ಕಡಿಮೆ. ಬೀಜ ಇಲ್ಲದ ಕಾಯಿ ಹೊತ್ತ ಕಡ್ಡಿಗಳಲ್ಲಿ ಹೂವು ಚೆನ್ನಾಗಿ ಬಂತು. ಸುಸ್ತು ಒಂದೇ ಕಾರಣ ಆಗಿದ್ದರೆ ಎರಡಕ್ಕೂ ಒಂದೇ ಗತಿ ಆಗಬೇಕಿತ್ತು, ಅಲ್ವಾ? ನೀವು ಹೇಳುವ ಸುಸ್ತು ಸುಳ್ಳು ಅಂತ ನಾನು ಹೇಳುತ್ತಿಲ್ಲ. ತುಂಬಾ ಕಾಯಿ ಹೊತ್ತ ಗಿಡದಲ್ಲಿ ಪಿಷ್ಟದ ಉಳಿತಾಯವೂ ಕಡಿಮೆ ಆಗಿರುತ್ತದೆ. ಆದರೆ ಅದೊಂದೇ ಅಲ್ಲ.

(ಇದಾದ ಮೇಲೆ ದೊಡ್ಡಪ್ಪ ಬಹಳ ಹೊತ್ತು ಆನ್‌ಲೈನ್‌ನಲ್ಲೇ ಇದ್ದರು, ಏನೂ ಬರೆಯಲಿಲ್ಲ. ಗುಂಪಿನಲ್ಲಿ ಇದು ಅಪರೂಪ.)

ದೊಡ್ಡಪ್ಪ: ಆಯಿತು. ಆದರೆ ಗಿಡಕ್ಕೆ ಬುದ್ಧಿ ಇಲ್ಲವೇ? ಹೂವು ಉದುರಿದ ಕೆಲವು ವಾರಕ್ಕೆ ಅದೇ ಒಂದಷ್ಟು ಹೀಚು ಉದುರಿಸುತ್ತದೆ. ನನ್ನ ಗಿಡದ ಕೆಳಗೆ ಪ್ರತಿ ವರ್ಷ ನೋಡುತ್ತೇನೆ. ಅದಕ್ಕೆ ಬೇಕಾದಷ್ಟು ಅದೇ ಇಟ್ಟುಕೊಳ್ಳುತ್ತದೆ.

ಅಕ್ಕ: ಅದಕ್ಕೆ ಬೇಕಾದಷ್ಟು ಇಟ್ಟುಕೊಳ್ಳುತ್ತದೆ, ನಿಮಗೆ ಬೇಕಾದಷ್ಟಲ್ಲ. ಗಿಡಕ್ಕೆ ಬೇಕಾಗಿರುವುದು ಬೀಜ. ನಿಂಬೆಹಣ್ಣಿನಷ್ಟು ಕಾಯಾದರೂ ಒಳಗೆ ಬೀಜ ಬಲಿತರೆ ಅದರ ಕೆಲಸ ಮುಗಿಯಿತು. ನಮಗೆ ಬೇಕಾಗಿರುವುದು ತಿರುಳು. ಪರಾಗ ಸರಿಯಾಗಿ ತಗಲದೆ ಬೀಜ ಕಡಿಮೆ ಇರುವ ಹೀಚನ್ನೇ ಅದು ಮೊದಲು ಉದುರಿಸುವುದು. ಒಳ್ಳೆ ವರ್ಷದಲ್ಲಿ ಅಷ್ಟು ಉದುರಿದ ಮೇಲೂ ತುಂಬಾ ಉಳಿಯುತ್ತದೆ. ಸೇಬಿನಲ್ಲಿ ನೂರು ಹೂವಿಗೆ ಐದೋ ಹತ್ತೋ ಕಾಯಿ ನಿಂತರೆ ತುಂಬು ಫಸಲು.

ತಮ್ಮ: ಲೆಕ್ಕ ನಾನು ಹೇಳುತ್ತೇನೆ ದೊಡ್ಡಪ್ಪ. 5 ಸೆಂಟಿಮೀಟರ್ ಅಗಲದ ಕಾಯಿ, 7 ಸೆಂಟಿಮೀಟರ್ ಅಗಲದ ಕಾಯಿ. ನೋಡೋಕೆ ಸ್ವಲ್ಪವೇ ವ್ಯತ್ಯಾಸ. ಆದರೆ ದೊಡ್ಡದು ಒಂದು, ಚಿಕ್ಕದು ಹತ್ತಿರ ಹತ್ತಿರ ಮುಕ್ಕಾಲು ಕಡಿಮೆ ಮೂರಕ್ಕೆ ಸಮ.

ಭಾವ: ಮುಕ್ಕಾಲು ಕಡಿಮೆ ಮೂರು ಅಂದರೆ ಎರಡೂಕಾಲು ಕಣೋ. ಎರಡೂಮುಕ್ಕಾಲು ಅನ್ನು.

ತಮ್ಮ: ಹೌದು, ಎರಡೂಮುಕ್ಕಾಲು. ಏಳರ ಘನ 343, ಐದರ ಘನ 125. ಭಾಗಿಸಿ ನೋಡಿ.

ದೊಡ್ಡಪ್ಪ: ಹಾಗಾದರೆ ಅರ್ಧ ಕಾಯಿ ಕಿತ್ತರೂ ಒಟ್ಟು ತೂಕ ಅಷ್ಟೇ ಇರುತ್ತದೆ ಅಂತೀರಾ?

ಅಕ್ಕ: ಅಷ್ಟೇ ಇರುವುದಿಲ್ಲ. ಒಟ್ಟು ತೂಕ ಸ್ವಲ್ಪ ಕಡಿಮೆಯೇ ಆಗುತ್ತದೆ. ಆದರೆ ತಿನ್ನೋಕೆ ಆಗುವ ಹಣ್ಣು ಜಾಸ್ತಿ ಸಿಗುತ್ತದೆ. ಒಂದು ಹಣ್ಣು ಚೆನ್ನಾಗಿ ಬೆಳೆಯೋಕೆ ಸುಮಾರು 30–40 ಎಲೆ ದುಡಿಯಬೇಕು ಅಂತ ಲೆಕ್ಕ. ಚಿಕ್ಕಮ್ಮನ ಗಿಡದಲ್ಲಿ ಎಲೆಯೇ ಕಾಣುತ್ತಿರಲಿಲ್ಲವಂತಲ್ಲ. ಆ ಹಣ್ಣಿನ ರುಚಿ ಹೇಗಿತ್ತು ಚಿಕ್ಕಮ್ಮ?

ಚಿಕ್ಕಮ್ಮ: ಸಪ್ಪೆ. ಚಿಕ್ಕದು ಬೇರೆ. ಯಾರಿಗೂ ಹೇಳಿರಲಿಲ್ಲ.

ಭಾವ: ನಮ್ಮ ಮನೆಗೂ ಒಂದು ಚೀಲ ಕಳಿಸಿದ್ದಿರಿ ಅತ್ತೆ.

ದೊಡ್ಡಪ್ಪ: ನನ್ನ ಗಿಡದಲ್ಲಿ ಈ ವರ್ಷ ಸಿಕ್ಕಾಪಟ್ಟೆ ಹಿಡಿದಿದೆ. ಹೂವಿನ ದಳ ಉದುರಿ ಮೂರು ವಾರ ಆಗಿರಬೇಕು. ಆಮೇಲೆ ಕೀಳೋಣ ಬಿಡು, ಸ್ವಲ್ಪ ದಪ್ಪ ಆಗಲಿ. ಕಿತ್ತದ್ದು ಉಪ್ಪಿನಕಾಯಿಗಾದರೂ ಆಗುತ್ತದೆ.

ಅಕ್ಕ: ಅಲ್ಲೇ ಎಡವಟ್ಟಾಗುವುದು. ಮೊದಲ ನಾಲ್ಕೈದು ವಾರ ಕಾಯಿಯೊಳಗೆ ಜೀವಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತಿರುತ್ತವೆ. ಆಮೇಲೆ ಇದ್ದ ಕೋಶಗಳೇ ಉಬ್ಬುತ್ತವೆ. ಬೇಗ ಕಿತ್ತರೆ ಉಳಿದ ಕಾಯಿಗೆ ಕೋಶಗಳೇ ಜಾಸ್ತಿ. ಮೊಗ್ಗಿನ ತೀರ್ಮಾನವೂ ಹೆಚ್ಚುಕಡಿಮೆ ಇದೇ ಸಮಯಕ್ಕೆ ಶುರುವಾಗುತ್ತದೆ. ಹೂವು ಪೂರ್ತಿ ಅರಳಿದ ದಿನದಿಂದ ಒಂದು ತಿಂಗಳು, ಹೆಚ್ಚೆಂದರೆ ನಲವತ್ತು ದಿನದ ಒಳಗೆ ಕೀಳಬೇಕು. ತಡ ಮಾಡಿ ಕಿತ್ತರೂ ಈ ವರ್ಷದ ಗಾತ್ರಕ್ಕೆ ಸ್ವಲ್ಪ ಲಾಭ ಇದೆ, ಮುಂದಿನ ವರ್ಷದ ಹೂವಿಗೆ ಅಷ್ಟೇನೂ ಇಲ್ಲ.

ದೊಡ್ಡಪ್ಪ: ಕೈಯಲ್ಲಿ ಹಿಡಿದು ಎಳೆದರೆ ಆಯಿತಲ್ಲ. ಕತ್ತರಿ ಯಾಕೆ?

ಅಕ್ಕ: ದಯವಿಟ್ಟು ಎಳೆಯಬೇಡಿ. ಈಗ ಗಿಡದ ಹತ್ತಿರ ಹೋಗಿ ಒಂದು ಗೊಂಚಲು ನೋಡಿ. ಐದಾರು ಹೀಚು ಒಂದೇ ಕಡೆಯಿಂದ ಹೊರಟಿರುತ್ತವೆ. ನಡುವಿನದು ಮೊದಲು ಅರಳಿದ ಹೂವಿನದು, ಸಾಮಾನ್ಯವಾಗಿ ಅದೇ ದಪ್ಪ, ತೊಟ್ಟೂ ದಪ್ಪ. ಗೊಂಚಲಿನ ಬುಡದಲ್ಲಿ ಸುಕ್ಕುಸುಕ್ಕಾದ ಒಂದು ಗಿಡ್ಡ ಕಡ್ಡಿ ಇರುತ್ತದೆ. ಮುಂದಿನ ಮೊಗ್ಗು ಬರುವುದು ಅದರ ಮೇಲೆ. ಎಳೆದರೆ ಕೆಲವು ಸಲ ಆ ಕಡ್ಡಿಯೇ ಕಿತ್ತುಕೊಂಡು ಬರುತ್ತದೆ. ಅದಕ್ಕೇ ಚೂಪು ಕತ್ತರಿ ತೆಗೆದುಕೊಂಡು, ತೊಟ್ಟಿನ ತುಂಡು ಗಿಡದಲ್ಲೇ ಬಿಟ್ಟು ಕತ್ತರಿಸಬೇಕು. ಆ ತುಂಡು ಒಣಗಿ ತಾನೇ ಬೀಳುತ್ತದೆ.

ತಮ್ಮ: ಯಾವುದನ್ನು ಬಿಡಬೇಕು?

ಅಕ್ಕ: ಗೊಂಚಲಿಗೆ ಒಂದು. ಅದು ನಡುವಿನದೇ ಆಗಬೇಕು ಅಂತಿಲ್ಲ, ಇದ್ದುದರಲ್ಲಿ ದಪ್ಪಗೆ, ನೇರವಾಗಿ ಇರುವುದು. ಒಂದಕ್ಕೂ ಇನ್ನೊಂದಕ್ಕೂ 10–15 ಸೆಂಟಿಮೀಟರ್ ಅಂತರ. ಹತ್ತಿರ ಹತ್ತಿರ ಗೊಂಚಲಿದ್ದರೆ ಕೆಲವನ್ನು ಪೂರ್ತಿ ಖಾಲಿ ಮಾಡಿ. ಮುಂದಿನ ವರ್ಷ ಹೂವು ಬರುವುದು ಹೆಚ್ಚಾಗಿ ಆ ಖಾಲಿ ಕಡ್ಡಿಗಳಲ್ಲೇ. ಮೊದಲು ಸೊಟ್ಟಗಿರುವುದು, ಕಪ್ಪು ಕಲೆ ಬಿದ್ದದ್ದು, ತೂತಿನ ಬಾಯಲ್ಲಿ ಕಂದು ಪುಡಿ ಕಾಣುವುದು, ಇವೆಲ್ಲ ಹೋಗಲಿ. ಆ ಪುಡಿ ಹುಳುವಿನ ಹಿಕ್ಕೆ. ಅಂಥದ್ದನ್ನು ಗಿಡದ ಬುಡದಲ್ಲಿ ಬಿಡಬೇಡಿ, ಆರಿಸಿ ದೂರ ಹಾಕಿ. ಎರಡು ಕಾಯಿ ಒಂದಕ್ಕೊಂದು ತಾಗಿಕೊಂಡಿದ್ದರೆ ಹುಳು ಆ ಸಂದಿಯಲ್ಲೇ ಸೇರಿಕೊಳ್ಳುತ್ತದೆ. ಹಾಗಾಗಿ ಅಂತರ ಬರೀ ಚಂದಕ್ಕಲ್ಲ.

ಚಿಕ್ಕಮ್ಮ: ನನ್ನ ಗಿಡಕ್ಕೆ ಈಗ ಏನು ಮಾಡಲಿ? ಕೀಳೋಕೆ ಒಂದೂ ಇಲ್ಲವಲ್ಲ.

ಅಕ್ಕ: ಈಗ ಏನೂ ಬೇಡ, ಗೊಬ್ಬರ ಸುರಿಯುವುದಂತೂ ಬೇಡವೇ ಬೇಡ. ಆದರೆ ಕಾಯಿ ಇಲ್ಲದ ಗಿಡ ಈಗ ಮೈತುಂಬ ಹೂಮೊಗ್ಗು ಕಟ್ಟಿಕೊಳ್ಳುತ್ತಿದೆ. ಮುಂದಿನ ವರ್ಷ ಬಿಳಿ ಬೆಳ್ಳಗೆ ಅರಳುತ್ತದೆ. ಆಗ ಫೋಟೊ ತೆಗೆದು ಸುಮ್ಮನಾದರೆ ಅದರ ಮುಂದಿನ ವರ್ಷ ಮತ್ತೆ ಬೋಳು. ಒಂದು ವರ್ಷ ಉಂಟು, ಒಂದು ವರ್ಷ ಇಲ್ಲ. ಚಳಿಗಾಲದಲ್ಲಿ ಎಲೆ ಉದುರಿದಾಗ ಸವರುವಾಗ ಮೊಗ್ಗಿನ ಕಡ್ಡಿ ಸ್ವಲ್ಪ ಜಾಸ್ತಿಯೇ ತೆಗೆಯಿರಿ. ಹೂವು ಬಂದಾಗ ಒಂದು ಕಡ್ಡಿ ಬಿಟ್ಟು ಒಂದು ಕಡ್ಡಿಯ ಹೂವು ಚಿವುಟಿ. ಉಳಿದದ್ದು ಕಾಯಿ ಕಟ್ಟಿದ ಮೇಲೆ ಮತ್ತೆ ಕತ್ತರಿ.

ಚಿಕ್ಕಮ್ಮ: ಹೂವನ್ನೂ ಚಿವುಟಬೇಕಾ! ಭಾವ, ನೀವೇ ಏನಾದರೂ ಹೇಳಿ.

ದೊಡ್ಡಪ್ಪ: ನಾನೇನು ಹೇಳಲಿ, ಇವಳು ಓದಿಕೊಂಡು ಬಂದಿದ್ದಾಳೆ. ಆದರೂ ಒಂದು ಕೇಳುತ್ತೇನೆ. ಎಲ್ಲ ತಳಿಗೂ ಇದೇ ಶಾಸ್ತ್ರವೇ? ಪರಿಚಯದವರ ಮನೆಯ ಗಾಲಾ ಗಿಡ ಪ್ರತಿ ವರ್ಷ ಬಿಡುತ್ತದೆ. ಅವರು ಒಂದು ಕಾಯೂ ಕಿತ್ತವರಲ್ಲ.

ಅಕ್ಕ: ಅದು ನಿಜ. ಗಾಲಾ ಪರವಾಗಿಲ್ಲ, ವರ್ಷವೂ ಬಿಡುವ ಜಾತಿ. ಫ್ಯೂಜಿ, ಹನಿಕ್ರಿಸ್ಪ್ ಇಂಥವು ಬೇಗ ಒಂದು ವರ್ಷ ಬಿಟ್ಟು ಒಂದು ವರ್ಷಕ್ಕೆ ಬೀಳುತ್ತವೆ. ನಿಮ್ಮದು ಫ್ಯೂಜಿ ಅಲ್ವಾ?

ದೊಡ್ಡಪ್ಪ: ಹೂಂ.

ಭಾವ: ಮಾವ, "ಹೂಂ" ಅಂದದ್ದಕ್ಕೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡಿದ್ದೇನೆ.

ದೊಡ್ಡಪ್ಪ: ಪೂರ್ತಿ ಗಿಡ ಕೊಡುವುದಿಲ್ಲ. ಗೋಡೆ ಕಡೆಯ ಒಂದು ದೊಡ್ಡ ಕೊಂಬೆ ಕೊಡುತ್ತೇನೆ. ಅದರಲ್ಲಿ ನಿನ್ನ ಶಾಸ್ತ್ರ ಮಾಡು, ಉಳಿದದ್ದು ನನ್ನ ಶಾಸ್ತ್ರ. ಮುಂದಿನ ವರ್ಷ ಯಾವುದರಲ್ಲಿ ಹೂವು ಬರುತ್ತದೋ ನೋಡೋಣ.

ಅಕ್ಕ: ಒಪ್ಪಿದೆ. ಸೇಬಿನಲ್ಲಿ ಒಂದು ಕೊಂಬೆ ಬಿಟ್ಟು ಇನ್ನೊಂದು ಕೊಂಬೆ ತನ್ನಷ್ಟಕ್ಕೆ ನಡೆದುಕೊಳ್ಳುವುದು ಇದೆ, ಹಾಗಾಗಿ ವ್ಯತ್ಯಾಸ ಕಾಣುತ್ತದೆ. ಭಾನುವಾರ ಬರುತ್ತೇನೆ. ಅಷ್ಟರೊಳಗೆ ಉಳಿದ ಕೊಂಬೆಗಳಿಗೆ ಕೋಲು ಆಸರೆ ಕೊಟ್ಟಿಡಿ, ಬೇಕಾಗುತ್ತದೆ.

ದೊಡ್ಡಪ್ಪ: ಕತ್ತರಿ ನೀನೇ ತಾ. ನಾನು ಕೊಡುವುದಿಲ್ಲ. ನೀನು ಕತ್ತರಿಸುವಾಗ ನಾನು ಒಳಗೆ ಕೂತಿರುತ್ತೇನೆ.